ಕರಿಗಣ್ಣಿಯ ಜೊತೆ ಯಾದಗಿರಿಗೆ

ಶಿಲ್ಪಾ, ಬೀರೇಶ, ನಾಲ್ಕು ಜನರ ಮುಂದೆ ಅಜ್ಜಿಗೆ ಬಾಯಿಯೇ ಇಲ್ಲ ಎಂದು ನೀವು ನಗುತ್ತೀರಿ. ಇರಲಿ, ಹಾಳೆಯ ಮುಂದೆ ನನಗೆ ನಾಚಿಕೆಯಿಲ್ಲ. ನೀವು ಹಾಸ್ಟೆಲ್‌ನಲ್ಲಿದ್ದಾಗ ನಾನೂ ನಿಮ್ಮ ಸಣ್ಣಜ್ಜಿ ನಿಂಗವ್ವನೂ ಒಂದು ಕುರಿಯನ್ನು ಬಸ್ಸಿಗೆ ಹತ್ತಿಸಿಕೊಂಡು ಯಾದಗಿರಿಗೆ ಹೋಗಿಬಂದೆವು. ಅದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ದೀಪಾವಳಿ ಮುಗಿದಿತ್ತು. ಹುಣಸಗಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ಕಾಲುವೆಯ ನೀರಿನ ಮೇಲೆ ಇನ್ನೂ ಮಂಜಿತ್ತು. ಎರಡೂ ಕಡೆ ಭತ್ತ ಕೊಯ್ದ ಗದ್ದೆಗಳು. ವರ್ಷವೂ ಆ ಹೊತ್ತಿಗೆ ನಮ್ಮ ಹಿಂಡು ಆ ಗದ್ದೆಗಳಲ್ಲಿರುತ್ತದೆ. ಹಗಲು ಮೇಯುತ್ತದೆ, ರಾತ್ರಿ ಅಲ್ಲೇ ಮಲಗಿ ಗೊಬ್ಬರ ಕೊಡುತ್ತದೆ. ಈ ಸಲ ಗದ್ದೆಗಳು ಖಾಲಿ ಇದ್ದವು.

ಕಾರಣ ಆ ಕುರಿ, ನಮ್ಮ ಕರಿಗಣ್ಣಿ. ಅವಳು ಗುಡಿಸಲಿನ ಕಂಬಕ್ಕೆ ಮೈ ತಿಕ್ಕಿ ತಿಕ್ಕಿ ಪಕ್ಕೆಯ ಉಣ್ಣೆಯನ್ನೆಲ್ಲ ಉದುರಿಸಿಕೊಂಡಿದ್ದಳು. ನಡೆದರೆ ತೂರಾಡುತ್ತಿದ್ದಳು. ಅದೇ ವಾರ ಯಾದಗಿರಿಯಿಂದ ದನದ ಡಾಕ್ಟರಮ್ಮ ಒಬ್ಬರು ನಮ್ಮೂರಿಗೆ ಬಂದಿದ್ದರು. ಕುರಿಗಳ ಮೆದುಳು ಹಾಳುಮಾಡುವ ಒಂದು ರೋಗದ ಬಗ್ಗೆ ಸಂಶೋಧನೆ ಮಾಡುವವರು. ರೋಗ ಬಂದ ಕುರಿ ಮೈ ತಿಕ್ಕುತ್ತದೆ, ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ, ಸಾಯುತ್ತದೆ, ಮದ್ದಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಹೇಳಿದರು. "ಅಂಥಾ ಕುರಿ ಕಂಡ್ರ ಕೊಯ್ಯಬ್ಯಾಡ್ರಿ, ಹೂಳಬ್ಯಾಡ್ರಿ. ನನಗ ತಂದು ತೋರಸ್ರಿ," ಅಂದರು. ಊರೆಲ್ಲ ನಮ್ಮ ಕಡೆ ನೋಡಿತು. ಹಿಂದಿನ ವರ್ಷ ತೂರಾಡಿ ಸತ್ತ ನಮ್ಮ ಕುರಿಗಳೂ ಎಲ್ಲರಿಗೂ ನೆನಪಾದವು. ಸಂಜೆಗೇ ಗದ್ದೆಯ ಗೌಡರು ನನ್ನ ಮೈದುನನಿಗೆ ಹೇಳಿ ಕಳಿಸಿದರು: "ಖಾತ್ರಿ ಆಗೋತನ ಹಿಂಡು ನಮ್ಮ ಗದ್ದಿಗೆ ಇಳಸಬ್ಯಾಡ್ರಿ." ಆ ರೋಗವೇ ಆಗಿದ್ದರೆ ಇಡೀ ಹಿಂಡನ್ನು ಮುಗಿಸಬೇಕಾಗುತ್ತದೆ ಎಂದು ಜನ ಮಾತಾಡಿಕೊಂಡರು. ಹಿಂಡು ಹೋದರೆ ನಮಗೆ ಬೇರೆ ಬದುಕಿರಲಿಲ್ಲ.

ಮೈದುನ ಹಿಂಡಿನ ಹತ್ತಿರ ಉಳಿದ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ್ದರಿಂದ ನಾವಿಬ್ಬರು ಹೊರಟಿದ್ದೆವು. ಕಂಡಕ್ಟರ್ ಬಂದು ಕರಿಗಣ್ಣಿಯನ್ನು ನೋಡಿದ.

"ನಿಮಗಿಬ್ಬರಿಗೂ ಫ್ರೀ. ಕುರಿಗೆ ಟಿಕೆಟ್ ಆಗತೈತಿ."

"ಯಾಕ್ರಿ ಅಣ್ಣಾ?" ಅಂದಳು ನಿಂಗವ್ವ. "ಹೆಣ್ಮಕ್ಕಳಿಗೆಲ್ಲಾ ಫ್ರೀ ಅಂತೀರಿ. ಇದೂ ಹೆಣ್ಣ ಐತಿ."

"ಹೌದಾ? ಹಂಗಾದ್ರ ಆಧಾರ್ ಕಾರ್ಡ್ ತೋರಸ್ಲಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೆರಗು ಎಳೆದುಕೊಂಡು ಕರಿಗಣ್ಣಿಗೆ ಅರ್ಧ ಟಿಕೆಟ್ ತೆಗೆಸಿದೆ.

ಸುರಪುರದ ಗುಡ್ಡ ಹತ್ತುವಾಗ ಬಿಸಿಲು ಬಂತು. ಅಲ್ಲಿ ಹತ್ತಿದ ಒಬ್ಬ ಮುದುಕರು ಕರಿಗಣ್ಣಿಯ ಬೆನ್ನು ಹಿಚುಕಿ ನೋಡಿ, "ಸಂತಿಗೇನವ್ವಾ?" ಎಂದು ಕೇಳಿದರು. ನಾನು ಕರಿಗಣ್ಣಿಯ ಹಗ್ಗವನ್ನು ಹತ್ತಿರಕ್ಕೆ ಎಳೆದುಕೊಂಡೆ. ರೋಗ ಖಾತ್ರಿಯಾಗಬೇಕಾದರೆ ಸತ್ತ ಮೇಲೆ ಮೆದುಳು ನೋಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಬರುವಾಗ ಕೈಯಲ್ಲಿ ಬರಿಯ ಹಗ್ಗ ಇರುತ್ತದೆ ಎಂದು ಗೊತ್ತಿದ್ದೇ ನಾನು ಹೊರಟಿದ್ದೆ.

"ಸಂತಿಗಲ್ರಿ ಯಜ್ಜಾ, ಯಾದಗಿರಿ ನೋಡಿಲ್ಲಂತ ಇದು. ತೋರ್ಸಾಕ ಒಯ್ಯಾಕತ್ತೀವಿ," ಅಂದಳು ನಿಂಗವ್ವ. ಅವಳ ಬಾಯಿಯನ್ನು ನಾನು ಎಷ್ಟೋ ಸಲ ಬೈದುಕೊಂಡಿದ್ದೇನೆ. ಆ ದಿನ ಬೈಯಲಿಲ್ಲ.

ಶಹಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಬಿಸಿಲಿಗೆ ಕಾಯುತ್ತಿತ್ತು. ಕರಿಗಣ್ಣಿಯನ್ನು ಬಸ್ ನಿಲ್ದಾಣದ ಕಂಬಕ್ಕೆ ಕಟ್ಟಿ ಸುಸಲಾ, ಮಿರ್ಚಿ ತಂದು ಕುಳಿತೆವು. ತಿಂದು ಮುಗಿಸುವಷ್ಟರಲ್ಲಿ ಅವಳು ಕಂಬವನ್ನು ಸುತ್ತಿ ಸುತ್ತಿ ಹಗ್ಗವನ್ನೆಲ್ಲ ಮುಗಿಸಿ, ಕುತ್ತಿಗೆಯನ್ನು ಕಂಬಕ್ಕೆ ಅಂಟಿಸಿಕೊಂಡು ನಿಂತಿದ್ದಳು. ಬಿಚ್ಚಲು ನಾನು ಕಂಬಕ್ಕೆ ಎದುರು ಸುತ್ತು ಹಾಕಬೇಕಾಯಿತು. ಕಾಲೇಜು ಹುಡುಗಿಯರು ನೋಡಿ ನಕ್ಕರು. ಬಿಚ್ಚಿದ ಕೂಡಲೇ ಅವಳು ಮತ್ತೆ ಅದೇ ಎಡಕ್ಕೆ ತಿರುಗತೊಡಗಿದಳು.

ದೋರನಹಳ್ಳಿ ದಾಟಿ, ಭೀಮಾ ನದಿಯ ಸೇತುವೆ ದಾಟಿ ಮಧ್ಯಾಹ್ನಕ್ಕೆ ಯಾದಗಿರಿ ತಲುಪಿದೆವು. ದನದ ದವಾಖಾನೆಯ ಬೇವಿನ ಮರದ ಕೆಳಗೆ ಡಾಕ್ಟರಮ್ಮ ಇದ್ದರು. ಕಲಬುರಗಿ ಕಡೆಯವರು, ನಿಮ್ಮ ಅವ್ವನ ವಯಸ್ಸಿನವರು.

"ಏನು ರೋಗರಿ ಇದು? ಹುಳಾನೋ, ಗಾಳಿನೋ?" ಎಂದು ನಿಂಗವ್ವ ಕೇಳಿದಳು.

"ಎರಡೂ ಅಲ್ರಿ. ಸೀರಿ ಉಡುವಾಗ ಒಂದು ನೆರಿಗಿ ತಪ್ಪಿದ್ರ ಮುಂದಿನವೂ ತಪ್ಪತಾವಲ್ರಿ, ಹಂಗ. ಮೆದುಳಿನಾಗ ಇರೋ ಒಂದು ಪ್ರೋಟೀನ್ ಮಡಿಕಿ ತಪ್ಪತದ, ತನ್ನ ಮಗ್ಗಲದ್ದನ್ನೂ ತಪ್ಪಸ್ತದ. ಅದಕ್ಕ ಜೀವ ಇಲ್ಲ, ಹಿಂಗಾಗಿ ಕುದಿಸಿದ್ರೂ ಸಾಯಂಗಿಲ್ಲ."

ನಾನು ಹಗ್ಗವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡೆ. ಡಾಕ್ಟರಮ್ಮ ಮೊದಲು ಕರಿಗಣ್ಣಿಯ ಪಕ್ಕೆಯ ಚರ್ಮ ಕೆರೆದು ಒಳಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು. ಆಮೇಲೆ ಹಗ್ಗ ಬಿಡಿಸಿ ಅವಳನ್ನು ಅಂಗಳದಲ್ಲಿ ನಡೆಸಿದರು. ಅವಳು ಎಡಕ್ಕೆ ತಿರುಗಿದಳು.

"ಯಾವಾಗ್ಲೂ ಒಂದ ಕಡಿ ತಿರುಗತದೇನು?"

"ಹೌದ್ರಿ," ಅಂದೆ. ಆ ದಿನ ಅವರ ಮುಂದೆ ನಾನಾಡಿದ ಮೊದಲ ಮಾತು ಅದು.

ಅವರು ಮಂಡಿಯೂರಿ ಕುಳಿತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಒಂದು ಕಡೆ ಹೆಬ್ಬೆರಳು ನಿಂತಿತು. ನನ್ನ ಬೆರಳನ್ನು ಹಿಡಿದು ಅಲ್ಲಿ ಇಟ್ಟರು. ಎಲುಬು ಹಪ್ಪಳದಂತೆ ಬಗ್ಗಿತು.

"ಒಂದು ಮಾತು ಕೇಳ್ತೀನಿ. ನಿಮ್ಮ ಹಿಂಡಿನಾಗ ಕುರಿ ಸತ್ತ್ರ ತಲಿ ಏನ್ ಮಾಡ್ತೀರಿ?"

ನಿಂಗವ್ವ ನನ್ನ ಮುಖ ನೋಡಿದಳು. ಓದಿದವರು ನಕ್ಕಾರು ಎಂದು ಅವಳಂಥವಳೂ ಸುಮ್ಮನಾಗಿದ್ದಳು. ಉತ್ತರ ನಾನೇ ಕೊಡಬೇಕಾಯಿತು.

"ತಲಿ ನಾಯಿ ಪಾಲ್ರಿ. ರಾತ್ರಿಯೆಲ್ಲಾ ತ್ವಾಳ ಬರದಂಗ ಕಾಯ್ತಾವಲ್ರಿ, ನಮ್ಮ ಮಾವನವರ ಕಾಲದಿಂದ್ಲೂ ತಲಿ ಅವಕ್ಕ ಕೊಡ್ತೀವಿ. ಹಸೀದ ಹಾಕ್ತೀವಿ."

ಡಾಕ್ಟರಮ್ಮ ನಗಲಿಲ್ಲ. ಬೇವಿನ ಬುಡಕ್ಕೆ ಒರಗಿ ಕುಳಿತು ದೊಡ್ಡದಾಗಿ ಉಸಿರು ಬಿಟ್ಟರು. ಹೀಗೆ ತಿರುಗಿ ತಿರುಗಿ ಸತ್ತ ಕುರಿಯ ಮೆದುಳಿನಲ್ಲಿ ನೀರಿನ ಗುಳ್ಳೆ ಇರುತ್ತದೆ. ನಾಯಿ ಅದನ್ನು ತಿಂದರೆ ಹೊಟ್ಟೆಯಲ್ಲಿ ಲಾಡಿಹುಳುವಾಗುತ್ತದೆ. ನಾಯಿ ಹೊಲಸು ಮಾಡಿದ ಹುಲ್ಲನ್ನು ಮೇಯ್ದ ಕುರಿಯ ಮೆದುಳಿನಲ್ಲಿ ಮತ್ತೆ ಗುಳ್ಳೆ ಬೆಳೆಯುತ್ತದೆ. ಅವರು ಬಿಡಿಸಿ ಹೇಳಿದ ಮೇಲೆ ನನಗೆ ತಿಳಿದದ್ದು ಇಷ್ಟು. ಮೈ ತಿಕ್ಕುವುದಕ್ಕೆ ಕಾರಣ ಬೇರೆ, ಅದು ಬರಿಯ ಕಜ್ಜಿ.

"ಅಂದ್ರ ಇನ್ನ ನಾಯಿಗೆ ತಲಿ ಹಾಕೂದ ಬ್ಯಾಡೇನ್ರಿ?" ಅಂದಳು ನಿಂಗವ್ವ. "ಅವು ನಮ್ಮನ್ನ ಬಿಟ್ಟು ಹೋದಾವು."

"ನಾಯಿ ಪಾಲು ನಾ ಯಾಕ ಕಸೀಲ್ರಿ? ಚಂದಗ ಕುದಿಸಿ ಹಾಕ್ರಿ. ನಾಯಿಗಳಿಗೆ ಹುಳದ ಗುಳಿಗಿ ಕೊಡ್ರಿ. ಆ ಕೆಟ್ಟ ರೋಗ ಅಲ್ರಿ, ಇದು ಕುದಿಸಿದ್ರ ಸಾಯೋ ರೋಗ."

ಆ ಮಾತು ಕೇಳಿದಾಗ ನನಗೆ ಆದದ್ದನ್ನು ಬರೆಯಲು ಬರುವುದಿಲ್ಲ.

ಅದೇ ಮಧ್ಯಾಹ್ನ ಕರಿಗಣ್ಣಿಯ ತಲೆಗೆ ಮರಗಟ್ಟುವ ಸೂಜಿ ಕೊಟ್ಟು, ಮೆತ್ತಗಾದ ಎಲುಬಿನಲ್ಲಿ ಸಣ್ಣ ತೂತು ತೆಗೆದು, ಗುಳ್ಳೆಯ ನೀರೆಳೆದು, ಚಿಮಟಿಯಿಂದ ಗುಳ್ಳೆಯನ್ನೇ ಹೊರತೆಗೆದರು. ನಾನು ಅವಳ ಕಿವಿ ಹಿಡಿದು ಕುಳಿತಿದ್ದೆ. ನಿಂಗವ್ವ ಆ ಕಡೆ ಮುಖ ಮಾಡಿ ನಿಂತಿದ್ದಳು. ತಮ್ಮ ಸಂಶೋಧನೆಗೆಂದು ಡಾಕ್ಟರಮ್ಮ ಕರಿಗಣ್ಣಿಯ ಕಣ್ಣಿನ ಒಳರೆಪ್ಪೆಯಿಂದ ಎಳ್ಳಿನಷ್ಟು ಚೂರನ್ನೂ ತೆಗೆದುಕೊಂಡರು. ಆ ಕೆಟ್ಟ ರೋಗವಿದ್ದರೆ ಕೆಲವೊಮ್ಮೆ ಅಲ್ಲಿಯೂ ಕಾಣುತ್ತದಂತೆ.

"ಇಷ್ಟು ಹುಡಕ್ತೀರಿ, ಸಿಗಲಿಲ್ಲಂದ್ರ ಬ್ಯಾಸರಾಗಂಗಿಲ್ಲೇನ್ರಿ?" ಎಂದು ನಾನು ಕೇಳಿದೆ. ನಾನೇ ಕೇಳಿದೆ, ನಂಬಿ.

"ಯಮ್ಮಾ, ಸಿಗಬಾರದಂತ ಬೇಡಿಕೊಂಡ ಹುಡಕ್ತೀನ್ರಿ," ಅಂದರು.

ನಿಂಗವ್ವನ ಅಕ್ಕನ ಮನೆಯಲ್ಲಿ ಉಳಿದು, ಕರಿಗಣ್ಣಿ ಮೇವಿಗೆ ಬಾಯಿ ಹಾಕಿದ ಮೇಲೆ ಹೊರಟೆವು. ಶಹಾಪುರದಿಂದ ಹುಣಸಗಿಯ ಬಸ್ಸಿನಲ್ಲಿ ಮೊದಲಿನ ಕಂಡಕ್ಟರನೇ ಸಿಕ್ಕ. ಕರಿಗಣ್ಣಿಯ ತಲೆಯ ಪಟ್ಟಿ ನೋಡಿ, "ಇದಕೇನಾತ್ರಿ?" ಅಂದ.

"ತಲಿ ಆಪರೇಶನ್. ಈಗ ನಿನಗಿಂತ ಶಾಣ್ಯಾ ಆಗ್ಯಾಳ," ಅಂದಳು ನಿಂಗವ್ವ. ಅವನು ನಗುತ್ತಲೇ ಅರ್ಧ ಟಿಕೆಟ್ ಹರಿದ.

ಊರಿಗೆ ಬಂದಾಗ ಹೊತ್ತು ಇಳಿದಿತ್ತು. ಕಾಲುವೆಯ ದಂಡೆಯ ಮೇಲೆ ಹಗ್ಗ ಬಿಚ್ಚಿದೆ. ಕರಿಗಣ್ಣಿ ಒಮ್ಮೆ ಎಡಕ್ಕೆ ವಾಲಿದಳು. ನಾನು ಹಿಡಿಯಲು ಕೈ ಚಾಚಿದೆ. ಆಮೇಲೆ ಹಿಂಡಿನ ಸದ್ದು ಕೇಳಿ ದಂಡೆಗುಂಟ ನೆಟ್ಟಗೆ ನಡೆದುಹೋದಳು.

ಸ್ವಲ್ಪ ದಿನಕ್ಕೆ ಡಾಕ್ಟರಮ್ಮನ ಫೋನು ಬಂತು. ಎಳ್ಳಿನಷ್ಟು ಚೂರಿನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲವಂತೆ. ಗೌಡರು ತಾವೇ ಬಂದು ಮೈದುನನನ್ನು ಕರೆದರು. ಈಗ ನಮ್ಮ ಹಿಂಡು ಗದ್ದೆಯಲ್ಲಿದೆ. ನಾಯಿಗಳು ಗುಳಿಗೆ ನುಂಗಿ ನನ್ನ ಮೇಲೆ ಸಿಟ್ಟಾಗಿವೆ.

ಮುಂದೆ ಹಿಂಡು ನೋಡಿಕೊಳ್ಳುವವರು ನೀವು. ನಾಯಿಯ ಪಾಲನ್ನು ತಪ್ಪಿಸಬೇಡಿ, ಕುದಿಸದೆ ಹಾಕಬೇಡಿ. ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿಡಿ, ಕುರಿಯ ಬಾಯಿಗೆ ಎಟುಕದ ಎತ್ತರದಲ್ಲಿ. ಮೊದಲ ಹಾಳೆಯ ಮೂಲೆಯನ್ನು ಕರಿಗಣ್ಣಿ ಈಗಾಗಲೇ ತಿಂದಿದ್ದಾಳೆ.