ಅತ್ತೆಯ ತಟ್ಟೆಗೆ ಕಾವಲಿ ಪಿಜ್ಜಾ

ನಮ್ಮ ಮನೆಯಲ್ಲೇ ಮಾಡಿದ ಮೊದಲ ಪಿಜ್ಜಾಕ್ಕೆ ಒಂಬೈನೂರು ರೂಪಾಯಿಯ ಹತ್ತಿರ ಖರ್ಚಾಯಿತು. ಅದನ್ನು ತಿನ್ನಲೂ ಆಗಲಿಲ್ಲ. ಅಷ್ಟು ದುಡ್ಡಿಗೆ ಫೋನಿನಲ್ಲಿ ಬೆರಳಾಡಿಸಿದ್ದರೆ ಎರಡು ಡಬ್ಬಿ ಬಿಸಿಬಿಸಿಯಾಗಿ ಬಾಗಿಲಿಗೆ ಬರುತ್ತಿದ್ದವು. ಕೊತ್ತಂಬರಿ ಸೊಪ್ಪು ಕೊಂಡರೆ ಕರಿಬೇವು ಬಿಟ್ಟಿ ಕೇಳದೆ ಗಾಡಿಯ ಮುಂದಿನಿಂದ ಕದಲದವಳು ನಾನು. ಹಾಗಿದ್ದೂ ಅಷ್ಟು ಖರ್ಚು ಮಾಡಿದ್ದು ನಮ್ಮತ್ತೆಗಾಗಿ.

ಅತ್ತೆ ದೀಕ್ಷೆ ತೆಗೆದುಕೊಂಡವರು. ಬೆಳಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಊಟ. ಅದೂ ಮನೆಯಲ್ಲೇ, ಸ್ನಾನ ಮಾಡಿದವರು ಬೇಯಿಸಿದ್ದು. ಮದುವೆಮನೆಗೆ ಹೋದರೂ ಒಂದು ಬಾಳೆಹಣ್ಣು ತಿಂದು ಎದ್ದುಬರುತ್ತಾರೆ. ಚಾಮರಾಜಪೇಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಅವರು ಹೊರಗಿನ ಒಂದು ಬಿಸ್ಕತ್ತು ಮುಟ್ಟಿದ್ದು ನೋಡಿಲ್ಲ.

ಭಾನುವಾರ ಸಂಜೆ ಮಲ್ಲೇಶ್ವರದಿಂದ ನನ್ನ ನಾದಿನಿ ಬರುತ್ತಾಳೆ, ಅಂದರೆ ಅತ್ತೆಯ ಮಗಳು. ಬರುವಾಗ ಪಿಜ್ಜಾ ಡಬ್ಬಿ ತರುತ್ತಿದ್ದಳು. ನಾವೆಲ್ಲ ನಡುಮನೆಯಲ್ಲಿ ಕೂತು ಎಳೆ ಎಳೆಯಾಗಿ ಜಗ್ಗಿಕೊಂಡು ತಿನ್ನುವಾಗ ಅತ್ತೆ ಒಳಕೋಣೆಯಲ್ಲಿ ಟಿವಿ ಹಾಕಿಕೊಂಡು ಇರುತ್ತಿದ್ದರು. ಒಂದು ಭಾನುವಾರ ಟಿವಿ ಆರಿಸಿ ಬಾಗಿಲಲ್ಲಿ ಬಂದು ನಿಂತರು.

“ಅದು ಹೇಗಿರತ್ತೆ?”

“ಏನಿಲ್ಲಮ್ಮ, ಬ್ರೆಡ್ಡಿನ ಮೇಲೆ ಟೊಮೆಟೊ ಗೊಜ್ಜು,” ಎಂದಳು ನಾದಿನಿ.

“ಗೊಜ್ಜಿಗೆ ಈ ವಾಸನೆ ಬರಲ್ಲ. ನಂಗೂ ಒಂದ್ಸಲ ತಿನ್ಬೇಕು ಅನ್ಸತ್ತೆ.”

ಎಲ್ಲರೂ ನಕ್ಕರು. ನನ್ನ ಗಂಡ ಕೆಮ್ಮುವಷ್ಟು ನಕ್ಕರು. ಅತ್ತೆ ನಗಲಿಲ್ಲ. ತಿರುಗಿ ಒಳಗೆ ಹೋದರು, ಆದರೆ ಟಿವಿ ಮತ್ತೆ ಹಚ್ಚಲಿಲ್ಲ. ಆ ಸದ್ದಿಲ್ಲದ ಕೋಣೆ ನನ್ನನ್ನು ಕುಟುಕಿತು. ರವಿಕೆ ಕಣ ಮಾರುತ್ತೇನೆಂದು ನಾನು ಮೊದಲ ಸಲ ಚೀಲ ಹೆಗಲಿಗೇರಿಸಿದ ದಿನವೂ ಈ ಮನೆ ಹೀಗೇ ನಕ್ಕಿತ್ತು. ಇವತ್ತು ಅದೇ ಕಸುಬು ಅಂಗಡಿಯಾಗಿ ನಿಂತಿದೆ. ನಕ್ಕವರ ಎದುರಿಗೇ ಮಾಡಿ ತೋರಿಸುವುದು ನನಗೆ ಅಂದಿನಿಂದ ಬಂದ ಚಟ.

ಓವನ್ ಇರಲಿಲ್ಲ, ಕೊಳ್ಳುವ ಮನಸ್ಸೂ ಇರಲಿಲ್ಲ. ಅತ್ತೆಯ ಹೋಳಿಗೆ ಹಂಚು ಕೇಳಿದೆ. “ಹಬ್ಬದ ಹಂಚಿಗೆ ಚೀಸು ಅಂಟಿಸ್ತೀಯಾ? ಆಗಲ್ಲ,” ಎಂದರು. ತಿನ್ನುವ ಆಸೆ ಬೇರೆ, ಹಂಚಿನ ಲೆಕ್ಕ ಬೇರೆ! ಸರಿ, ಪೇಟೆಗೆ ಹೋದೆ. ಪಾತ್ರೆ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಪಿಜ್ಜಾಕ್ಕೆಂದು ಬಾಯಿಬಿಟ್ಟು ಕೇಳಿದ್ದಳು. ಅವಳ ಕೈಗೆ ಮಿರಮಿರ ಮಿಂಚುವ ಪ್ಯಾನು ಬಂತು, ಅದರ ಜೊತೆ ಮಿಂಚುವ ರೇಟೂ ಬಂತು. ನಾನು ದೋಸೆಗೆ ಎಂದೆ. ದಪ್ಪ ಕಬ್ಬಿಣದ ಕಾವಲಿ ಹೊರಗೆ ಬಂತು.

“ಮುಚ್ಚಳ ಕೊಡಿ.”

“ದೋಸೆ ಕಾವಲಿಗೆ ಮುಚ್ಚಳ ಯಾಕಕ್ಕಾ?”

“ಸೆಟ್ ದೋಸೆ ಮುಚ್ಚದೆ ಬೇಯತ್ತಾ? ಕೊಡೀಪ್ಪಾ, ಅದಕ್ಕೂ ದುಡ್ಡು ಅನ್ಬೇಡಿ.”

ಮುಚ್ಚಳ ಬಿಟ್ಟಿ ಬಂತು. ಕಾವಲಿಗೆ ಕೊಟ್ಟದ್ದೇ ಖರ್ಚಿನ ದೊಡ್ಡ ಪಾಲು. ಮಿಕ್ಕದ್ದು ಚೀಸು, ಯೀಸ್ಟು, ತರಗುಪೇಟೆಯ ಮೈದಾ.

ಇನ್ನು ಹಿಟ್ಟಿನ ಕತೆ. ನಮ್ಮ ಬೀದಿಯಲ್ಲಿ ಹೋಳಿಗೆಗೆ ಕಣಕ ಕಲಸುವುದೆಂದರೆ ನನ್ನನ್ನೇ ಕರೆಯುತ್ತಾರೆ. ಕಣಕ ಹೇಗೆಂದರೆ, ಹಿಟ್ಟನ್ನು ಸಡಿಲವಾಗಿ ಕಲಸಿ, ನಾದಿ, ಮೇಲೆ ಎಣ್ಣೆ ಸುರಿದು ಎಣ್ಣೆಯಲ್ಲೇ ನೆನೆಯಲು ಬಿಡಬೇಕು. ಎಳೆದಷ್ಟೂ ರೇಷ್ಮೆಯಂತೆ ಬರುತ್ತದೆ. ಮೈದಾ ಅಂದಮೇಲೆ ಇನ್ನೇನು ಎಂದು ಪಿಜ್ಜಾ ಹಿಟ್ಟನ್ನೂ ಹಾಗೇ ಎಣ್ಣೆಯಲ್ಲಿ ಮುಳುಗಿಸಿದೆ. ಬಾಳೆಎಲೆಯ ಮೇಲೆ ತೆಳ್ಳಗೆ ತಟ್ಟಿದೆ. ಕೈ ತನ್ನಷ್ಟಕ್ಕೆ ಓಡಿತು.

ಆ ಭಾನುವಾರ ಅತ್ತೆ ಮಧ್ಯಾಹ್ನದ ಊಟವನ್ನೂ ಅರ್ಧಕ್ಕೆ ನಿಲ್ಲಿಸಿದ್ದರು, ಸಂಜೆಗೆ ಹಸಿವಿರಲೆಂದು. ಕಾವಲಿಯ ಮೇಲೆ ಹಾಕಿದ್ದು ಉಬ್ಬಲೇ ಇಲ್ಲ. ಅಡಿ ಹಪ್ಪಳವಾಯಿತು, ಮೇಲಿನ ಟೊಮೆಟೊ ನೀರು ಬಿಟ್ಟು ಒಂದು ಪಕ್ಕಕ್ಕೆ ಜಾರಿತು.

ನಾದಿನಿ ಬಗ್ಗಿ ನೋಡಿದಳು. “ಅತ್ತಿಗೆ, ಹೂರಣ ಒಳಗಿಡೋದು ಮರ್ತ್ರಾ?”

“ನಿನ್ನ ಬಾಯಿಗೆ ಇಡ್ತೀನಿ ಇರು.”

ಅತ್ತೆ ಒಂದು ಚೂರು ಮುರಿದರು. ಅದು ಟಪ್ಪೆಂದಿತು. ಮೂಸಿ ನೋಡಿ ತಟ್ಟೆಗೆ ವಾಪಸು ಇಟ್ಟರು. “ಬೇಜಾರು ಮಾಡ್ಕೋಬೇಡ. ಇದು ನೀವು ತಿನ್ನೋದಲ್ಲ. ನಂಗೆ ನೀವು ತಿನ್ನೋದೇ ಬೇಕು.”

ಆಗ ನಾದಿನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. “ಅಮ್ಮ, ಇಷ್ಟು ವರ್ಷ ನೇಮ ಹಿಡ್ಕೊಂಡು ಬಂದು ಈಗ ನಾಲಿಗೆಗೋಸ್ಕರ ಬಿಡ್ತೀಯಾ? ನಾಳೆ ಜನ ಏನಂತಾರೆ? ಆ ಚೀಸು ಯಾರು ಮಾಡಿದ್ದೋ, ಯಾವ ಕೈಯೋ!”

“ಹಾಲು ಯಾವ ಕೈ? ಪ್ಯಾಕೆಟ್ಟಲ್ಲಿ ಬರಲ್ವಾ?”

“ಹಾಲು ಬೇರೆ.”

“ಏನ್ ಬೇರೆ? ಬೇಯೋವರೆಗೂ ಅದು ಸಾಮಾನು ಕಣೇ. ಬೆಂದಮೇಲೆ ಅಡಿಗೆ. ಅದು ನಮ್ಮನೆ ಒಲೆ ಮೇಲೆ ಬೇಯತ್ತೆ, ಇವಳು ಸ್ನಾನ ಮಾಡಿ ಬೇಯಿಸ್ತಾಳೆ.” ಆಮೇಲೆ ನನ್ನ ಕಡೆ ತಿರುಗಿದರು. “ಆ ಯೀಸ್ಟು ಅಂತೀಯಲ್ಲ, ಅದು ಮಾಂಸದ್ದಲ್ಲ ತಾನೆ?”

“ಅಲ್ಲತ್ತೆ. ದೋಸೆ ಹಿಟ್ಟು ರಾತ್ರಿಯೆಲ್ಲಾ ತಾನಾಗೇ ಹುಳಿ ಬಂದು ಉಬ್ಬಲ್ವಾ, ಹಾಗೆ. ಚೀಸಿನ ಪ್ಯಾಕೆಟ್ ಮೇಲೂ ಸಸ್ಯಾಹಾರದ ಹಸಿರು ಚುಕ್ಕೆ ನೋಡೇ ತಂದಿದೀನಿ.”

“ಮತ್ತೆ? ಹುಟ್ಟಿದಾಗಿಂದ ಉಬ್ಬಿದ್ದೇ ತಿಂತಿದೀನಿ. ನೇಮ ನಂದು, ನಾನು ಹಿಡ್ದಿದ್ದು. ಅದು ಎಲ್ಲಿವರೆಗೂ ಅಂತ ನಂಗೆ ಗೊತ್ತು. ನೀನು ತಂದ ಡಬ್ಬಿ ಮುಟ್ಟಲ್ಲ, ಇವಳು ಮಾಡಿದ್ದು ತಿಂತೀನಿ. ಮುಗೀತು.”

ಪೇಟೆಯಲ್ಲಿ ಇಷ್ಟು ವರ್ಷ ಚೌಕಾಸಿ ಮಾಡಿದ್ದೇನೆ. ಇಷ್ಟು ಬಿಗಿಯಾಗಿ ಯಾರೂ ವ್ಯಾಪಾರ ಮುಗಿಸಿದ್ದು ಕಂಡಿಲ್ಲ. ನಾದಿನಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಈಗ ವಿಷಯ ಬಾಯಿರುಚಿಯದಾಗಿ ಉಳಿದಿರಲಿಲ್ಲ. ಅತ್ತೆ ಮಗಳ ಎದುರು ನನ್ನ ಕೈಯನ್ನು ನಂಬಿ ಮಾತು ಕೊಟ್ಟಿದ್ದರು. ನಾನು ಕೆಡಿಸಿದರೆ ಅವರು ಇನ್ನೊಮ್ಮೆ ಏನನ್ನೂ ಕೇಳುವವರಲ್ಲ.

ನನ್ನ ರವಿಕೆ ಕಣದ ಅಂಗಡಿಯಲ್ಲಿ ಕೂತು ಯೋಚಿಸಿದೆ. ಕಣಕದ ಕೆಲಸವೇನು? ಹೂರಣಕ್ಕೆ ಅಡ್ಡ ಬಾರದೆ ಹರಡುವುದು. ಪಿಜ್ಜಾ ಹಿಟ್ಟಿನ ಕೆಲಸ ಹೊರೆ ಹೊರುವುದು. ಸೀರೆಗೆ ಫಾಲ್ಸ್ ಕೇಳಿದವರಿಗೆ ಲೈನಿಂಗ್ ಬಟ್ಟೆ ಕೊಟ್ಟಂತಾಗಿತ್ತು ನನ್ನ ಕೆಲಸ. ಎಣ್ಣೆ ಕುಡಿದ ಹಿಟ್ಟಿಗೆ ಬೆನ್ನೆಲುಬೇ ಇರುವುದಿಲ್ಲ, ಇನ್ನು ಗಾಳಿಯನ್ನು ಎಲ್ಲಿಂದ ಹಿಡಿದಿಟ್ಟೀತು?

ಮುಂದಿನ ಭಾನುವಾರ ಒಂದೇ ಚಮಚ ಎಣ್ಣೆ ಹಾಕಿದೆ. ತೋಳು ನೋಯುವಷ್ಟು ನಾದಿದೆ. ಹಿಟ್ಟು ಎರಡರಷ್ಟಾಗುವ ತನಕ ಕಾದೆ. ಟೊಮೆಟೊವನ್ನು ತೊಕ್ಕಿನ ಹದಕ್ಕೆ ಬತ್ತಿಸಿದೆ. ರೊಟ್ಟಿಯ ಒಂದು ಮಗ್ಗುಲು ಬೆಂದಮೇಲೆ ಮಗುಚಿ, ಬೆಂದ ಮಗ್ಗುಲಿಗೆ ತೊಕ್ಕು ಸವರಿ, ದಪ್ಪಮೆಣಸಿನಕಾಯಿ, ಚೀಸು ಹಾಕಿ, ಬಿಟ್ಟಿ ಮುಚ್ಚಳ ಮುಚ್ಚಿದೆ. ಉರಿ ಸಣ್ಣ. ವಾಸನೆ ನಡುಮನೆ ದಾಟಿ ಒಳಕೋಣೆಗೆ ಹೋಯಿತು. ಟಿವಿ ನಿಂತಿತು.

ಅತ್ತೆ ಈ ಸಲ ನಡುಮನೆಯಲ್ಲಿ, ನಮ್ಮೆಲ್ಲರ ನಡುವೆ ಕೂತರು. ತುಂಡು ಎತ್ತಿದರೆ ಎಳೆ ಬಂತು. ಎಳೆ ತುಂಡಾಗದೆ ಗಲ್ಲಕ್ಕೆ ಅಂಟಿತು. ಅವರು ಒರೆಸಿಕೊಳ್ಳಲಿಲ್ಲ, ನಿಧಾನವಾಗಿ ಅಗಿದರು. ಯಾರೂ ನಗಲಿಲ್ಲ.

“ಇದಕ್ಕಾ ಇಷ್ಟು ದಿನ ನನ್ನ ಒಳಗೆ ಕೂರ್ಸಿದ್ರಿ?” ಎಂದರು. ಮತ್ತೆ, “ಖಾರ ಸಾಲ್ದು. ಚಟ್ನಿಪುಡಿ ತಾ.”

ಅಷ್ಟರಲ್ಲಿ ಬಾಗಿಲ ಹತ್ತಿರ ನಾದಿನಿ. ಕೈಯಲ್ಲಿ ಡಬ್ಬಿ ಇರಲಿಲ್ಲ. ಅತ್ತೆ ತಟ್ಟೆಯಿಂದ ತಲೆ ಎತ್ತದೆ, “ಕೈಕಾಲು ತೊಳ್ಕೊಂಡು ಬಾ, ಆರೋಗತ್ತೆ,” ಎಂದರು. ಅವಳು ಚಟ್ನಿಪುಡಿ ಉದುರಿಸಿಕೊಂಡು ಎರಡು ತುಂಡು ತಿಂದಳು. ಚೆನ್ನಾಗಿದೆ ಎಂದು ಇವತ್ತಿನವರೆಗೂ ಹೇಳಿಲ್ಲ. ಹೇಳುವುದೂ ಬೇಡ, ಡಬ್ಬಿ ತರುವುದು ನಿಲ್ಲಿಸಿದ್ದಾಳೆ.

ನೀವು ಮೊದಲ ಸಲ ಮಾಡುವವರಾದರೆ ಕೇಳಿ. ಅಂಗಡಿಯಲ್ಲಿ ಪಿಜ್ಜಾ ಎಂಬ ಮಾತೆತ್ತಬೇಡಿ, ದೋಸೆ ಕಾವಲಿ ಕೇಳಿ, ಮುಚ್ಚಳವನ್ನು ಕೊನೆಗೆ ಕೇಳಿ. ಎರಡು ಲೋಟ ಮೈದಾಕ್ಕೆ ಒಂದು ಸಣ್ಣ ಚಮಚ ಯೀಸ್ಟು ಸಾಕು. ಬೆರಳು ಅದ್ದಿದರೆ ಹಿತವೆನಿಸುವ ನೀರಿಗೆ ಚಿಟಿಕೆ ಸಕ್ಕರೆ, ಯೀಸ್ಟು ಹಾಕಿ. ಹತ್ತು ನಿಮಿಷದಲ್ಲಿ ನೊರೆ ಬಾರದಿದ್ದರೆ ಮೈದಾ ಬೆರೆಸಬೇಡಿ, ಯೀಸ್ಟು ಹಳೆಯದು, ಪ್ಯಾಕೆಟ್ ಹಿಡಿದುಕೊಂಡು ಹೋಗಿ ಬದಲಿ ಕೇಳಿ. ಉಪ್ಪನ್ನು ಮೈದಾಕ್ಕೆ ಹಾಕಿ, ಯೀಸ್ಟಿನ ನೀರಿಗಲ್ಲ. ನಮ್ಮೂರ ಚಳಿಗಾಲದಲ್ಲಿ ಹಿಟ್ಟು ಸೋಮಾರಿ, ಬಿಸಿನೀರಿನ ಪಾತ್ರೆಯ ಪಕ್ಕ ಇಟ್ಟು ಬಟ್ಟೆ ಮುಚ್ಚಿ. ಲಟ್ಟಣಿಗೆ ಬೇಡ, ಬೆರಳಲ್ಲೇ ಒತ್ತಿ ಹರಡಿ. ತೊಕ್ಕಿನಲ್ಲಿ ನೀರಿನ ಪಸೆ ಉಳಿಸಬೇಡಿ. ಒಂದು ಚಮಚ ಹಾಕಿದಮೇಲೂ ಕೈ ಎಣ್ಣೆ ಡಬ್ಬಿಯ ಕಡೆಗೆ ಹೋದರೆ, ಹೋಳಿಗೆ ಚೆನ್ನಾಗಿ ಮಾಡುವವರ ಕೈ ಹೋಗೇ ಹೋಗುತ್ತದೆ, ತಡೆಯಿರಿ. ಮಾಡುವ ಮೊದಲು ಸ್ನಾನ ಮಾಡಿ, ಒಲೆ ಒರೆಸಿ. ನಿಮ್ಮ ಮನೆಯಲ್ಲೂ ಒಳಕೋಣೆಯಲ್ಲಿ ಯಾರಾದರೂ ಟಿವಿ ನೋಡುತ್ತಿದ್ದರೆ, ಬೇಕಾ ಎಂದು ಅವರನ್ನೇ ಕೇಳಿ, ಅವರ ಮಕ್ಕಳನ್ನಲ್ಲ. ಚಟ್ನಿಪುಡಿ ಡಬ್ಬಿ ಮೊದಲೇ ಹತ್ತಿರ ಇಟ್ಟುಕೊಳ್ಳಿ.