ತಾರೀಖಮ್ಮನ ಅಂಗಡಿ

ಓಣಿ ಮೂಲೆಯ ದಿನಸಿ ಅಂಗಡಿಯಾಕೆಗೆ ತಾರೀಖಮ್ಮ ಅಂತ ಹೆಸರು ಬಿದ್ದದ್ದು ಗೌರವದಿಂದಲ್ಲ, ಗೇಲಿಯಿಂದ. ಬಡವರಿಗೆ ಕೊಡುವ ಆಹಾರ ನೆರವಿನ ಕಾರ್ಡಿಗೆ ಸಾಮಾನು ಮಾರುವ ಪರವಾನಗಿ ಬೇಕೆಂದು ಹೋದ ವರ್ಷ ಅರ್ಜಿ ಹಾಕಿದ್ದಳು. ತಪಾಸಣೆಗೆ ಬಂದವರು ಅಂಗಡಿಯನ್ನೆಲ್ಲ ಜಾಲಾಡಿ, ಅವಧಿ ಮುಗಿದು ಎರಡು ದಿನವಾಗಿದ್ದ ಒಂದೇ ಒಂದು ಬಟಾಣಿ ಡಬ್ಬಿ ಹಿಡಿದರು. ಅರ್ಜಿ ಗೋತಾ ಹೊಡೆಯಿತು. ಅವತ್ತಿನಿಂದ ಆಕೆ ಸೋಪು ಮಾರಿದರೂ ತಾರೀಖು ಓದಿಯೇ ಕೊಡುವುದು. ಜನಕ್ಕೇನು, ಆಡಿಕೊಳ್ಳೋಕೆ ಒಂದು ನೆಪ ಬೇಕಿತ್ತು, ಸಿಕ್ಕಿತು.

ಅವಮಾನವನ್ನಾದರೂ ನುಂಗಿಕೊಳ್ಳಬಹುದು. ನುಂಗಲಾಗದ್ದು ಮಹಡಿ ಮೇಲಿನ ಹೊಲಿಗೆಯಜ್ಜಿಯ ಮಂಡಿನೋವು. ಕಾರ್ಡು ತಗೊಳ್ಳುವ ಅಂಗಡಿ ಇರುವುದು ಎರಡು ಬಸ್ಸಿನಾಚೆ. ಅಜ್ಜಿ ಅಲ್ಲಿಂದ ಚೀಲ ಹೊತ್ತು ತಂದು, ನಾಲ್ಕು ಮೆಟ್ಟಿಲಿಗೊಮ್ಮೆ ಕೂತು ಏದುಸಿರು ಬಿಡುವುದನ್ನು ಈಕೆ ತುಂಬಿದ ಅಂಗಡಿಯೊಳಗೆ ನಿಂತು ನೋಡಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ? ಅದಕ್ಕೇ ಮತ್ತೆ ಅರ್ಜಿ ಹಾಕಿದ್ದಳು. ಈ ಸಲವೂ ತಪ್ಪಿದರೆ ಇನ್ನು ಮೂರು ವರ್ಷ ಅರ್ಜಿ ಹಾಕುವ ಹಾಗೇ ಇಲ್ಲ.

ತಿಂಗಳಿಡೀ ಸೊಂಟ ಕಟ್ಟಿ ದುಡಿದಳು. ಕಪಾಟು ತಿಕ್ಕಿದಳು, ಹಳೆಯದನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಜೋಡಿಸಿದಳು, ಹಾಲಿನ ಫ್ರಿಜ್ಜಿಗೆ ಥರ್ಮಾಮೀಟರ್ ತೂಗುಹಾಕಿದಳು. ತಪಾಸಣೆಯ ದಿನ ಬೆಳಗ್ಗೆ ತಾಜಾ ತರಕಾರಿಗೆಂದು ಮಾರ್ಕೆಟ್ಟಿಗೆ ಹೋಗಿ ಎಂಟಕ್ಕೆ ವಾಪಸ್ ಬಂದರೆ, ಯಜಮಾನರು ಬಾಗಿಲಲ್ಲೇ ಮೀಸೆ ತಿರುವುತ್ತ ನಿಂತಿದ್ದರು. ನಿವೃತ್ತ ಬಸ್ ಡ್ರೈವರು, ಕೈ ಸುಮ್ಮನಿರುವ ಜನ್ಮವಲ್ಲ. ಅಂಗಡಿ ಚೆಂದ ಕಾಣಲಿ ಅಂತ ಹಿಟ್ಟು, ಬೇಳೆ, ಅಕ್ಕಿಯ ಪೊಟ್ಟಣಗಳನ್ನೆಲ್ಲ ಬಿಚ್ಚಿ ಇಪ್ಪತ್ತೆರಡು ಗಾಜಿನ ಜಾಡಿಗಳಿಗೆ ಸುರಿದಿದ್ದರು. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದರು ಪುಣ್ಯಾತ್ಮರು.

"ತಾರೀಖೆಲ್ಲಿ?" ಅಂದಳು ಆಕೆ.

ಮೀಸೆಯಿಂದ ಕೈ ಕೆಳಗಿಳಿಯಿತು. ತಾರೀಖಿಲ್ಲದ ಸಾಮಾನು ತಪಾಸಣೆಯ ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ನಿಯಮ. ತಾರೀಖಿದ್ದ ಕವರುಗಳನ್ನು ಕಸಕ್ಕೆ ಹಾಕಿದ್ದರೆ, ಕಸದ ಗಾಡಿ ಏಳಕ್ಕೇ ಬಂದು ಹೋಗಿತ್ತು. ಆಕೆ ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟಳು. ಆಗ ಯಜಮಾನರು ನೆಲ ನೋಡುತ್ತ, ಕವರುಗಳನ್ನು ಬಿಸಾಕಿಲ್ಲ ಅಂದರು.

ಮೂವತ್ತು ವರ್ಷದಿಂದ ಈ ಮನೆಯ ಜಗಳ ಅದೊಂದೇ. ಯಾವ ಕವರು ಸಿಕ್ಕರೂ ಇವರು ಒರೆಸಿ, ಮಡಚಿ, ಯಾವತ್ತಾದರೂ ಬೇಕಾಗುತ್ತೆ ಅಂತ ಹಾಸಿಗೆಯಡಿ ತುರುಕುವವರು. ಮಗ್ಗುಲು ಬದಲಿಸಿದರೆ ಪರಪರ ಸದ್ದು, ಅವಳಿಗೆ ನಿದ್ದೆಗೇಡು. ಇವತ್ತು ಓಡಿಹೋಗಿ ಹಾಸಿಗೆ ಎತ್ತಿದರೆ ಅಷ್ಟೂ ಕವರುಗಳು ಅಲ್ಲೇ ಮಲಗಿದ್ದವು. ಬೈಯಬೇಕೋ ಕಾಲಿಗೆ ಬೀಳಬೇಕೋ ಅವಳಿಗೇ ತಿಳಿಯಲಿಲ್ಲ.

ಅವಳು ತಾರೀಖಿನ ಪಟ್ಟಿ ಕತ್ತರಿಸಿದಳು, ಅವರು ಯಾವುದು ಯಾವ ಜಾಡಿಯದೆಂದು ಹೇಳುತ್ತ ಹೋದರು. ನಲವತ್ತು ಸ್ಟಾಪು ನೆನಪಿಟ್ಟ ತಲೆ, ಒಂದೂ ತಪ್ಪಲಿಲ್ಲ. ಕೊನೆಯ ಗೋಧಿಹಿಟ್ಟಿನ ಜಾಡಿಗೆ ಮಾತ್ರ ಎರಡು ಪೊಟ್ಟಣ ಸುರಿದಿದ್ದರು. ಒಂದರ ಅವಧಿ ಮುಂದಿನ ತಿಂಗಳವರೆಗೆ, ಇನ್ನೊಂದರದು ನಾಳೆಗೆ ಮುಗಿಯುತ್ತದೆ. ಮುಂದಿನದನ್ನೇ ಅಂಟಿಸು, ಯಾರಿಗೆ ಗೊತ್ತಾಗುತ್ತೆ ಅಂತ ಪಿಸುಗುಟ್ಟಿದರು. ಅವಳು ಕೇಳಿಸಿಕೊಳ್ಳದವಳಂತೆ ನಾಳೆಯದನ್ನೇ ಅಂಟಿಸಿದಳು.

ಹತ್ತಕ್ಕೆ ಸರಿಯಾಗಿ ಬಂದ ಅಧಿಕಾರಿ ಹೆಂಗಸು ಖಡಕ್ಕು. ಒಂದೊಂದೇ ಜಾಡಿ ತಿರುಗಿಸಿ ನೋಡಿ, ಹಿಟ್ಟಿನ ಜಾಡಿಯ ಮುಂದೆ ನಿಂತುಬಿಟ್ಟರು. ಇದೊಂದಕ್ಕೆ ಮಾತ್ರ ಯಾಕೆ ನಾಳೆಯ ತಾರೀಖು ಅಂತ ಕೇಳಿದರು.

ತಾರೀಖಮ್ಮ ಎರಡು ಕವರನ್ನೂ ಮುಂದಿಟ್ಟಳು. "ಎರಡು ಪೊಟ್ಟಣ ಬೆರೆತುಹೋಗಿವೆ ಮೇಡಂ. ಬೆರೆತ ಮೇಲೆ ಹಳೇದರ ತಾರೀಖೇ ಅದರದ್ದು. ನಾಳೆಯೊಳಗೆ ಮಾರಾಟವಾಗದಿದ್ದರೆ ನಮ್ಮನೆ ಅಡುಗೆಗೆ."

ಅಧಿಕಾರಿ ಕವರು ನೋಡಿದರು, ಅವಳ ಮುಖ ನೋಡಿದರು, ಪೆನ್ನು ತೆಗೆದರು. "ಇಪ್ಪತ್ತು ವರ್ಷದ ಸರ್ವಿಸಲ್ಲಿ ಹಳೇ ತಾರೀಖು ಅಂಟಿಸಿದ ಅಂಗಡಿ ಇದೇ ಮೊದಲು ನೋಡ್ತಿರೋದು," ಅಂದು ಸಹಿ ಹಾಕಿದರು. ಕಾರ್ಡು ಸ್ವೀಕರಿಸಲಾಗುವುದು ಎಂಬ ಹಸಿರು ಚೀಟಿಯನ್ನು ಕವರಿನಿಂದ ತೆಗೆದು ಬಾಗಿಲಿಗೆ ಅವರೇ ಅಂಟಿಸಿದರು. ತಾರೀಖಮ್ಮನಿಗೆ ಕಣ್ಣು ತುಂಬಿ ಬಂತು, ಗೆದ್ದೆ ಅಂತ ಕುಣಿಯಬೇಕೆನ್ನಿಸಿತು.

ಹೊಲಿಗೆಯಜ್ಜಿ ಚೀಲವನ್ನೂ ಮರೆತು ಇಳಿದು ಬಂದಳು. ಹತ್ತೇ ಹೆಜ್ಜೆ ನಡೆದು, ಕಾರ್ಡು ಕೊಟ್ಟು, ಅದೇ ಗೋಧಿಹಿಟ್ಟು ಕೇಳಿದಳು. ನಾಳೆಯೇ ಕೊನೆ ಎಂದು ತಾರೀಖಮ್ಮ ಎಂದಿನಂತೆ ಓದಿ ಹೇಳಿದಳು. ನೀನು ಹೇಳಿದ ಮೇಲೆ ನಾನು ಕನ್ನಡಕ ಹಾಕೋದೂ ಬೇಡ, ಇವತ್ತೇ ಬೇಯಿಸಿ ತಿಂತೀನಿ ಅಂದಳು ಅಜ್ಜಿ. ಆಡಿಕೊಂಡವರೆಲ್ಲ ಹಿಂದೆ ಸಾಲುಗಟ್ಟಿ ನಿಂತು ಕೇಳಿಸಿಕೊಂಡರು.

ಸಾಲು ಕರಗಿದ ಮೇಲೆ ತಾರೀಖಮ್ಮ ಹಸಿರು ಚೀಟಿಯ ಖಾಲಿ ಕವರನ್ನು ಒರೆಸಿ, ಮಡಚಿ, ಯಜಮಾನರ ಕೈಗಿಟ್ಟಳು.

"ಹಾಸಿಗೆ ಕೆಳಗಿಡಿ," ಅಂದಳು.