ಅಮ್ಮನನ್ನು ಎರಡನೇ ಸಲ ಕೇಳಿದರು

ನಿಮ್ಮೂರ ದೇವರು ಯಾವ ಪಾರ್ಟಿ?

ನಗಬೇಡಿ. ಮೊನ್ನೆ ಭಾನುವಾರ ನಮ್ಮೂರ ಅಮ್ಮನಿಗೆ ಈ ಪ್ರಶ್ನೆಯನ್ನ ನಿಜವಾಗಲೂ ಕೇಳಿದರು. ನಾನು ಅಲ್ಲೇ ನಿಂತಿದ್ದೆ.

ನಮ್ಮೂರು ಗಂಡಸಿ ಹತ್ತಿರ. ನಾನಿರೋದು ಅರಸೀಕೆರೆಯಲ್ಲಾದರೂ ವೋಟು ಇನ್ನೂ ಊರಲ್ಲೇ ಇದೆ. ವೋಟರ್ ಸ್ಲಿಪ್ಪು ಇಸ್ಕೊಂಡು, ಹಾಗೇ ಗೌರತ್ತೆಯನ್ನ (ನಮ್ಮಪ್ಪನ ಅಕ್ಕ) ಮಾತಾಡಿಸಿ ಬರೋಣ ಅಂತ ಹೋಗಿದ್ದೆ. ಅತ್ತೆ ಮನೆಯಲ್ಲಿರಲಿಲ್ಲ.

'ಅವ್ವ ಗುಡಿತಾವ ಹೋಗೈತೆ ಕಣೋ. ಎಲೆಕ್ಷನ್‌ಗೆ ಹೂ ಕೇಳ್ತಾರಂತೆ' ಅಂದಳು ಅತ್ತೆಯ ಮಗಳು ಪ್ರೇಮಕ್ಕ, ಹೊಲಿಗೆ ಮೆಷಿನ್ನಿಂದ ತಲೆ ಎತ್ತದೆ.

ಹೂ ಕೇಳೋದು ಗೊತ್ತಲ್ಲ? ಪೂಜಾರಪ್ಪ ಅಮ್ಮನ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಬೋರ್‌ವೆಲ್ ಪಾಯಿಂಟಿನಿಂದ ಹಿಡಿದು ಮದುವೆ ಸಂಬಂಧದವರೆಗೆ ನಮ್ಮೂರಲ್ಲಿ ಎಲ್ಲದಕ್ಕೂ ಅಮ್ಮನ ಅಪ್ಪಣೆ ಆಗಬೇಕು. ಕಟ್ಟುಪಾಡು ಒಂದೇ. ಒಂದು ವಿಷಯವನ್ನ ಒಂದು ಸಲ ಮಾತ್ರ ಕೇಳಬೇಕು. ಮತ್ತೆ ಕೇಳಿದರೆ ಅಮ್ಮನ ಮಾತಿನ ಮೇಲೆ ಅನುಮಾನ ಪಟ್ಟ ಹಾಗೆ.

ಈ ಕಟ್ಟುಪಾಡಿಗೆ ಗೌರತ್ತೆ ಏನು ತೆತ್ತಿದ್ದಾಳೆ ಅಂತ ಇಡೀ ಊರಿಗೆ ಗೊತ್ತು. ಪ್ರೇಮಕ್ಕನಿಗೆ ಬೇಲೂರು ಕಡೆಯ ಮೇಷ್ಟ್ರೊಬ್ಬರ ಸಂಬಂಧ ಬಂದಿತ್ತು. ಅವರೂ ಒಪ್ಪಿದ್ದರು, ಇವಳೂ ಒಪ್ಪಿದ್ದಳು. ಅಮ್ಮ ಎಡಗಡೆ ಹೂ ಕೊಟ್ಟಳು. ಪ್ರೇಮಕ್ಕ ಅತ್ತೆಯ ಕಾಲು ಹಿಡಿದು 'ಇನ್ನೊಂದೇ ಸಲ ಕೇಳವ್ವ' ಅಂತ ಅತ್ತಿದ್ದು ನನಗಿನ್ನೂ ನೆನಪಿದೆ.

'ಅಮ್ಮುನ್ನ ಎರಡ್ ಸಲ ಕೇಳಂಗಿಲ್ಲ ಕಣೇ' ಅಂದಿದ್ದಳು ಅತ್ತೆ.

ಅಷ್ಟೇ. ಮೇಷ್ಟ್ರು ಬೇರೆ ಕಡೆ ಮದುವೆಯಾದರು. ಆಮೇಲೆ ಬಂದ ಯಾವ ಸಂಬಂಧಕ್ಕೂ ಪ್ರೇಮಕ್ಕ ಒಪ್ಪಲಿಲ್ಲ. ಈಗ ಅವಳ ತಲೆ ಬೆಳ್ಳಗಾಗಿದೆ. ಊರಿನ ಮದುವೆ ಹೆಣ್ಣುಗಳ ರವಿಕೆಯೆಲ್ಲ ಅವಳೇ ಹೊಲಿಯುತ್ತಾಳೆ.

ಗುಡಿಗೆ ಹೋದೆ. ಜನವೋ ಜನ. ಪಾರ್ಟಿ ಮುಖಂಡರೊಬ್ಬರು ಶಾಲು ಹೊದ್ದು ಮುಂದೆ ನಿಂತಿದ್ದರು. 'ಈ ಸಲ ನಮ್ ಧರ್ಮ ಉಳೀಬೇಕು. ಇಡೀ ಊರು ನಮ್ ಕ್ಯಾಂಡಿಡೇಟಿಗೇ ಹಾಕ್ಬೇಕಾ, ಬ್ಯಾಡ್ವಾ, ಅಮ್ಮನೇ ಹೇಳ್ಲಿ' ಅಂದರು. (ಡೆಲ್ಲಿಗೆ ಯಾರು ಹೋಗಬೇಕು ಅಂತ, ಊರ ಗಡಿ ದಾಟದ ಅಮ್ಮ ಹೇಳಬೇಕಂತೆ!)

ಪೂಜಾರಪ್ಪ ಹೂ ಅಂಟಿಸಿದರು.

ಎಡಗಡೆಯದು ಬಿತ್ತು.

ಮುಖಂಡರು ಗಂಟಲು ಸರಿಮಾಡಿಕೊಂಡು 'ಹೂವಿಗೆ ನೀರು ಸರಿಯಾಗಿ ಹಚ್ಚಿಲ್ಲ ಅನ್ಸುತ್ತೆ. ಇನ್ನೊಂದ್ ಸಲ ಕೇಳಿ ಪೂಜಾರಪ್ಪ' ಅಂದರು. ಪೂಜಾರಪ್ಪ ಊರ ಹಿರಿಯರ ಮುಖ ನೋಡಿದರು. ಹಿರಿಯರು ನೆಲ ನೋಡಿದರು. ಹೆಂಗಸರ ಗುಂಪಿನಿಂದ ಗೌರತ್ತೆ ಒಬ್ಬಳೇ 'ಎರಡ್ ಸಲ ಕೇಳಂಗಿಲ್ಲ ಕಣ್ರಪ್ಪಾ!' ಅಂತ ಕೂಗಿದಳು.

'ಸುಮ್ಕಿರಮ್ಮೋ, ಇದು ದೇಶದ ವಿಷ್ಯ' ಅಂದ ಯಾರೋ.

ಎರಡನೇ ಸಲ ಎರಡೂ ಹೂ ಅಲ್ಲಾಡಲಿಲ್ಲ. (ಅಮ್ಮ ನೋಟಾ ಒತ್ತಿದಳು ಅಂದುಕೊಂಡೆ.) ಮೂರನೇ ಸಲ ಬಲಗಡೆಯದು ಬಿತ್ತು. ಜೈಕಾರ, ಶಿಳ್ಳೆ, ಮಂಗಳಾರತಿ. ಸಂಜೆಯೊಳಗೆ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅಮ್ಮನ ವಿಡಿಯೋ. ಮೂರನೇ ಹೂವಿನದು ಮಾತ್ರ.

ಒಂದು ಪಾರ್ಟಿಯನ್ನ ಬೈದು ಕೈ ತೊಳೆದುಕೊಳ್ಳೋಣ ಅಂದರೆ ಅದಕ್ಕೂ ದಾರಿಯಿಲ್ಲ. ಪಕ್ಕದೂರಿನ ದೇವರು ಎದುರು ಪಾರ್ಟಿಗೆ ಬಲಗಡೆ ಕೊಟ್ಟನಂತೆ. ಹಳೇಬೀಡಿಗೆ ಬಂದ ಇನ್ನೊಬ್ಬ ಅಭ್ಯರ್ಥಿ ಒಂದೇ ಬೆಳಗ್ಗೆ ಗುಡಿ, ಬಸ್ತಿಹಳ್ಳಿ ಬಸದಿ, ದರ್ಗಾ, ಮಠ ಎಲ್ಲ ಮುಗಿಸಿದರಂತೆ. ಕೆರೆಗೆ ನೀರು ಯಾವಾಗ ಸ್ವಾಮಿ ಅಂತ ಕೇಳಿದವರ ಹತ್ತಿರ ನಿಲ್ಲೋಕೆ ಟೈಮಿರಲಿಲ್ಲ.

ನಮ್ಮೂರಲ್ಲೂ ಕೊಬ್ಬರಿ ರೇಟಿನ ಬಗ್ಗೆ ಕೇಳಬೇಕು ಅಂತಿದ್ದವರು ಈಗ ಬಾಯಿ ಮುಚ್ಚಿಕೊಂಡಿದ್ದಾರೆ. ಅಮ್ಮ ಹೇಳಿದ ಮೇಲೆ ಇನ್ನೇನು ಕೇಳೋದು? ಕೇಳಿದರೆ ಅಭ್ಯರ್ಥಿಗಲ್ಲ, ಅಮ್ಮನಿಗೇ ಎದುರಾಡಿದ ಹಾಗಾಗುತ್ತದೆ.

ನಂಬಿಕೆ ವೋಟನ್ನ ಹೇಗೆ ತಿರುಗಿಸುತ್ತೆ ಅಂತ ಟಿವಿಯಲ್ಲಿ ದಿನಾ ಚರ್ಚೆ. ವೋಟು ನಂಬಿಕೆಯನ್ನ ಏನು ಮಾಡುತ್ತೆ ಅಂತ ಯಾರಾದರೂ ಕೇಳಿದ್ದಾರಾ? ನನಗಂತೂ ರಿಸಲ್ಟಿನ ಮೇಲಿನ ಆಸೆಯೇ ಹೋಗಿದೆ. ಯಾರು ಗೆದ್ದರೂ ಅಷ್ಟೇ. ಮುಂದಿನ ಎಲೆಕ್ಷನ್‌ಗೆ ಪೂಜಾರಪ್ಪ ಯಾವ ಹೂವಿಗೆ ಎಷ್ಟು ನೀರು ಅಂತ ಮೊದಲೇ ವಿಚಾರಿಸಿಕೊಂಡು ಬರುತ್ತಾರೆ.

ಅತ್ತೆಯನ್ನ ಮನೆಗೆ ಕರಕೊಂಡು ಬಂದೆ. ಜಗಲಿ ಮೇಲೆ ಕುಸಿದು ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

'ಮೂರ್ ಸಲ ಕೇಳಿದ್ರಲ್ಲೋ. ಅಮ್ಮ ಏನೂ ಮಾಡ್ಲಿಲ್ಲ. ಗುಡಿ ಬೀಳ್ಲಿಲ್ಲ, ಯಾರ್ ಕಣ್ಣೂ ಹೋಗ್ಲಿಲ್ಲ' ಅಂದಳು.

'ರಾಜಕೀಯ ಅಲ್ವಾ, ಬಿಡು ಅತ್ತೆ' ಅಂದೆ.

ಒಳಗೆ ಹೊಲಿಗೆ ಮೆಷಿನ್ ಸದ್ದು ನಿಂತಿತು. ಅತ್ತೆ ಆ ಕಡೆ ತಿರುಗಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

'ಹಂಗಾರೆ ಅವತ್ತು ನಾನೂ ಇನ್ನೊಂದ್ ಸಲ ಕೇಳ್ಬೋದಿತ್ತೇನಪ್ಪಾ?'